ತಿರುವಿನಲ್ಲಿ ಸವೆದ ಟೈರು

ಸ್ಕೂಟರಿನ ಪಂಕ್ಚರ್ ಹಾಕಿಸಲು ಬಂದಿದ್ದ ನರ್ಸ್ ಟೈರ್ ಅಂಗಡಿಯ ಬೆಂಚಿನಲ್ಲಿ ಕಣ್ಣು ಮುಚ್ಚಿ ಕೂತಿದ್ದಳು. ಕಿವಿ ಮುಚ್ಚಲು ಮಾತ್ರ ಆಗಲಿಲ್ಲ. ಎದುರಿಗೆ ಮುಖ ಊದಿಸಿಕೊಂಡ ಗಂಡ ಹೆಂಡತಿ. ನಡುವೆ ಗಂಡನ ತಾಯಿ, ಸ್ವೆಟರ್ ಹೆಣೆಯುತ್ತಾ. ಅವರ ಪುಟ್ಟ ಕೆಂಪು ಕಾರು ಜಾಕಿನ ಮೇಲಿತ್ತು.

"ಮುಂದಿನ ಟೈರೆರಡೂ ಹೊರಗಡೆ ಅಂಚಲ್ಲೇ ಸವೆದಿವೆ. ತಿರುವಲ್ಲಿ ಯಾರೋ ಜೋರಾಗಿ ಎಳೀತಾರೆ," ಎಂದ ಅಂಗಡಿಯವನು.

"ಕೇಳಿಸ್ತಾ?" ಎಂದಳು ಹೆಂಡತಿ.

"ನನ್ಯಾಕೆ ನೋಡ್ತೀಯ? ಸೈಕಲ್‌ನೋರೂ ನನ್ನ ದಾಟ್ಕೊಂಡು ಹೋಗ್ತಾರೆ ಅಂತ ಆಡ್ಕೊಳ್ಳೋಳು ನೀನೇ."

"ಮತ್ತೆ ನಾನಾ? ರಿವರ್ಸ್ ತೆಗೆಯೋಕೇ ಕೈ ನಡುಗುತ್ತೆ ನಂಗೆ."

"ಸರಿ ಬಿಡು," ಎಂದ ಗಂಡ ಅಂಗಡಿಯವನ ಕಡೆ ತಿರುಗಿದ. "ಗಟ್ಟಿ ರಬ್ಬರಿಂದು ಹಾಕಿ, ಬಾಳಿಕೆ ಬರ್ಲಿ."

"ಗಟ್ಟೀದು ಬೇಡಪ್ಪ," ಎಂದರು ತಾಯಿ, ಹೆಣಿಗೆಯಿಂದ ತಲೆ ಎತ್ತದೆ. "ಮೆತ್ತಗಿರೋದೇ ಹಾಕ್ಸು. ನೀರಿನ ಟ್ಯಾಂಕ್ ತಿರುವಲ್ಲಿ ಮೂರನೇ ಗೇರಲ್ಲೇ ಹೋದ್ರೆ ಗಟ್ಟೀದು ಹಿಡಿಯಲ್ಲ, ಜಾರುತ್ತೆ."

ಗಂಡ ಹೆಂಡತಿ ಮೊದಲ ಸಲ ಒಬ್ಬರನ್ನೊಬ್ಬರು ನೋಡಿಕೊಂಡರು.

"ಅಮ್ಮಾ, ನೀನು ಕಾರು ತಗೊಂಡು ಹೋಗೋದು ಲೈಬ್ರರಿಗಲ್ವಾ?"

"ಹೂಂ. ಅವ್ರು ಬಾಗಿಲು ಹಾಕೋದ್ರೊಳಗೆ ಮುಟ್ಬೇಡ್ವಾ?"

ನರ್ಸ್ ಕೆಮ್ಮುವ ನೆಪದಲ್ಲಿ ನಗು ನುಂಗಿದಳು.

ಮೆತ್ತನೆಯ ಟೈರೇ ಕೂತವು. ತಾಯಿ ಹೆಣಿಗೆ ಸುತ್ತಿಟ್ಟು ಕೀಲಿಗೆ ಕೈ ಚಾಚಿದರು. "ಕೊಡು, ಒಂದು ಸುತ್ತು ನೋಡೇ ಬಿಡೋಣ."

"ನೀವು ಮುಂದೆ ಕೂತ್ಕೊಳ್ಳಿ. ನಿಮ್ಮಮ್ಮ ತಾನೆ?" ಎಂದಳು ಹೆಂಡತಿ.

"ನಿಂಗೆ ಅತ್ತೆ ಅಲ್ವಾ?"

ಕಾರು ಚಂಗನೆ ರಸ್ತೆಗಿಳಿದಾಗ ನರ್ಸ್ ಬಗ್ಗಿ ನೋಡಿದಳು. ಮುಂದೆ ತಾಯಿ ಒಬ್ಬರೇ. ಹಿಂದಿನ ಸೀಟಿನಲ್ಲಿ ಗಂಡ ಹೆಂಡತಿ, ಹೊಸದಾಗಿ ಮದುವೆಯಾದವರಂತೆ, ಕೈ ಕೈ ಬಿಗಿಯಾಗಿ ಹಿಡಿದು ಕೂತಿದ್ದರು.