ಭಾನುವಾರದ ಮೆಂತ್ಯ

ಮಲ್ಲೇಶ್ವರದ ಸಲೂನೊಂದರಲ್ಲಿ ನನ್ನ ಸರದಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ, ಕೂದಲಿನ ಬಣ್ಣ ತಿಳಿ ಮಾಡಿಸಿಕೊಳ್ಳಲು ಬಂದ ಹುಡುಗಿಯೊಬ್ಬಳು ಫಾರ್ಮ್ ತುಂಬುತ್ತಿದ್ದಳು. ಜೊತೆಗೆ ಅವಳ ತಾಯಿ ಇದ್ದರು. ಇನ್ನೊಬ್ಬರ ಮಾತು ಕೇಳಿಸಿಕೊಳ್ಳುವುದು ತಪ್ಪೇ, ಆದರೆ ಎದ್ದು ಹೋಗಲು ಬೇರೆ ಕುರ್ಚಿ ಇರಲಿಲ್ಲ.

“ಎರಡು ದಿನ ತಲೆಗೆ ನೀರು ಹಾಕ್ಬೇಡಿ ಅಂದಿದ್ರು, ಹಾಕಿಲ್ಲ. ಡೈ ಇಲ್ಲ, ಮೆಹಂದಿ ಇಲ್ಲ.”

“ಮೆಹಂದಿ ಯಾಕೆ ಕೇಳ್ತಾರೆ, ಶಿವಾನಿ?”

“ಕೆಲವು ಕಪ್ಪು ಮೆಹಂದಿ ಮೇಲೆ ಈ ಬಣ್ಣ ತಿಳಿ ಮಾಡೋ ಬ್ಲೀಚ್ ಬಿದ್ರೆ ಕಾದು ಹೊಗೆ ಬರುತ್ತಂತೆ. ಕೂದಲು ತುಂಡಾಗಿ ಕೈಗೇ ಬರುತ್ತಂತೆ.”

“ಇವತ್ತು ಬೇಡ. ಮನೆಗೆ ಹೋಗೋಣ.”

“ಶುರು ಮಾಡಿದ್ಯಾ? ಅಜ್ಜಿ ಥರ ಆಡ್ಬೇಡಮ್ಮ.”

“ಭಾನುವಾರ ತಲೆಗೆ ಹಚ್ತೀನಲ್ಲ, ಆ ಮೆಂತ್ಯ…”

“ಕರಿಬೇವು ಹಾಕಿ ರುಬ್ಬೋದು ತಾನೆ? ಅದ್ರಿಂದ ಏನೂ ಆಗಲ್ಲ.”

“ಕರಿಬೇವಲ್ಲ.”

ಹುಡುಗಿಯ ಪೆನ್ನು ನಿಂತಿತು.

“ಹಿಂದ್ಗಡೆ ಬಿಳಿ ಕೂದಲು ಬಂದಿತ್ತು, ಪುಟ್ಟಿ. ಇಪ್ಪತ್ಮೂರಕ್ಕೇ. ಗೊತ್ತಾದ್ರೆ ಅಳ್ತೀಯ ಅಂತ ಕಪ್ಪು ಮೆಹಂದಿ ಕಲಸ್ತಿದ್ದೆ.”

“ಯಾವಾಗಿಂದ?”

“ದೀಪಾವಳಿಯಿಂದ.”

“ನಾನು ಸುಮ್ನೆ ಒಳಗೆ ಹೋಗಿ ಕೂತಿದ್ರೆ?”

ತಾಯಿ ಮಗಳ ಹಿಂದಲೆ ಸವರಿದರು.

“ಜಾಸ್ತಿ ಇದ್ಯಾ ಅಮ್ಮ, ಬಿಳಿ?”

“ಒಂದು ಹಿಡಿ.”

ಒಳಗಿನಿಂದ ಶಿವಾನಿ ಎಂದು ಕರೆದರು. ಹುಡುಗಿ ಏಳಲಿಲ್ಲ. ತಾಯಿಯೇ ಎದ್ದು ಫಾರ್ಮ್ ತೆಗೆದುಕೊಂಡರು.

“ಬಾ. ನಾನೇ ಹೇಳ್ತೀನಿ ಅವ್ರಿಗೆ.”

ಹುಡುಗಿ ಹಿಂದಲೆಯನ್ನು ಎರಡೂ ಕೈಗಳಿಂದ ಮುಚ್ಚಿಕೊಂಡು ತಾಯಿಯ ಹಿಂದೆಯೇ ಹೋದಳು.