ಬೈಯುವಾಗಲೂ ನಿಲ್ಲದ ಕೈ

ಪೊನ್ನಂಪೇಟೆಯಲ್ಲಿ ಗೋಣಿಕೊಪ್ಪದ ಬಸ್ಸಿಗೆ ಕಾದು ಕಾದು ಗೋಮತಿ ಟೀಚರಿಗೆ ಸಿಟ್ಟು ನೆತ್ತಿಗೇರಿತ್ತು. ಪಕ್ಕದಲ್ಲಿ ಯಾರೋ ಅಕ್ಕ ತಮ್ಮ ಮಾತಾಡುತ್ತಿದ್ದರು. ಬೇಡವೆಂದರೂ ಅದು ಕಿವಿಗೆ ಬೀಳುತ್ತಿತ್ತು.

“ನಾನು ಅಮ್ಮನ ಥರ ಸೀರೆ ಉಟ್ಟು ಸ್ಟೇಜಿಗೆ ಬಂದ ಕೂಡಲೇ ಎಲ್ಲರೂ ಬಿದ್ದು ಬಿದ್ದು ನಕ್ಕರು, ಅಕ್ಕ.”

“ಅಮ್ಮ ನಗಲಿಲ್ಲ, ನಿತೇಶ. ಅರ್ಧಕ್ಕೇ ಎದ್ದು ಹೋದ್ರು.”

“ಅವರನ್ನೇ ಆಡಿಕೊಂಡೆ ಅಂತ ಬೇಜಾರಾ?”

“ಅದಲ್ಲ. ‘ಸ್ಟೇಜಿನ ಮೇಲಿರೋ ಇವಳ್ಯಾರೋ ಒಂದು ದಿನವೂ ಕಾಫಿ ಕೊಯ್ದವಳಲ್ಲ’ ಅಂದ್ರು. ತೋಟದಲ್ಲಿ ಕಾಫಿ ಪಿಕ್ಕಿಂಗಿನಲ್ಲಿ ಯಾರಾದ್ರೂ ಹಾಗೆ ಸೊಂಟ ಕುಣಿಸ್ತಾ ನಿಲ್ತಾರಾ?”

“ಜನ ನಗೋದೇ ಸೊಂಟಕ್ಕೆ.”

“ಅವರು ನಕ್ಕಿದ್ದು ಸೀರೆ ಉಟ್ಟ ಗಂಡಸಿಗೆ. ನಮ್ಮ ಅಮ್ಮ ಬೈಯುವಾಗ ಕೊಯ್ಯೋ ಕೈ ನಿಲ್ಲಿಸ್ತಾರಾ, ಹೇಳು.”

ತಮ್ಮ ಬ್ಯಾಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡು, ಇಲ್ಲದ ಕೊಂಬೆಯನ್ನು ಬಗ್ಗಿಸಿ, ಎರಡೂ ಕೈಯಲ್ಲಿ ಹಣ್ಣು ಬಿಡಿಸತೊಡಗಿದ. ತಲೆ ಎತ್ತದೆಯೇ, ಕೂಲಿ ಲೆಕ್ಕ ಬರೆಯುವ ತೋಟದ ರೈಟರನ್ನು ಬೈಯುವ ಹೆಂಗಸಿನ ದನಿ ತೆಗೆದ.

“ರೈಟರೇ, ನನ್ನ ಹಿಂದೆ ನಿಂತು ಏನು ಕಾಯ್ತಿದ್ದೀರಿ? ಕಾಫಿ ಗಿಡದಲ್ಲಿದೆ, ನನ್ನ ಬೆನ್ನಲ್ಲಿಲ್ಲ.”

ಅಕ್ಕ ನಕ್ಕಳು. ಸಿಟ್ಟಿನಲ್ಲಿದ್ದ ಗೋಮತಿಗೂ ನಗು ತಡೆಯಲಾಗಲಿಲ್ಲ.

“ಈಗ ಅಮ್ಮ ಬಂದ ಹಾಗಾಯ್ತು. ಭಾನುವಾರದ ಶೋಗೆ ಅವರನ್ನ ನಾನು ಒಪ್ಪಿಸ್ತೇನೆ, ಬಿಡು.”

“ಬೇಡಕ್ಕ. ನಾಳೆ ಅವರ ಜೊತೆ ನಾನೂ ಪಿಕ್ಕಿಂಗಿಗೆ ಹೋಗ್ತೇನೆ. ಸಂಜೆ ನಾನೇ ಕರೀತೇನೆ.”

“ಬರಲ್ಲ ಅಂದ್ರೆ?”

“ನಾಡಿದ್ದೂ ಹೋಗ್ತೇನೆ.”

ಕುಟ್ಟದ ಬಸ್ಸು ಬಂತು. ಇಬ್ಬರೂ ಓಡಿ ಹತ್ತಿದರು.