ಖಾಲಿ ಮಹಡಿಯ ದೀಪ

ನೋಂದಣಿ ಕಚೇರಿಯ ಬೆಂಚಿನಲ್ಲಿ ನನ್ನ ಪಕ್ಕ ಅಣ್ಣ ತಂಗಿ ಕೂತಿದ್ದರು. ಗುಬ್ಬಿ ರಸ್ತೆಯ ಅಣ್ಣನ ಜಮೀನಿನಲ್ಲಿ ಬಿಲ್ಡರ್ ಹತ್ತಂತಸ್ತು ಎಬ್ಬಿಸಿ, ಒಂದು ಮಹಡಿ ಅಣ್ಣನ ಪಾಲಿಗೆ ಬಿಟ್ಟಿದ್ದಾನಂತೆ. ಪಕ್ಕದಲ್ಲಿರುವ ತಂಗಿಯ ಜಮೀನನ್ನೂ ಅದೇ ಬಿಲ್ಡರ್‌ಗೆ ಕಟ್ಟಲು ಕೊಡಲು ಇಂದು ಸಹಿ.

“ನಿನ್ನ ಪಾಲಿನ ಮಹಡಿಗೆ ಯಾವ ಆಫೀಸ್ ಬಂತಣ್ಣ?”

“ಯಾವ್ದೂ ಇಲ್ಲ. ಮೂರು ವರ್ಷದಿಂದ ಇಡೀ ಬಿಲ್ಡಿಂಗೇ ಖಾಲಿ ಕಣಮ್ಮ.”

“ದಿನಾ ಸಂಜೆ ಲೈಟ್ ಉರೀತದಲ್ಲ?”

“ನಾನೇ ಹೋಗಿ ಹಾಕ್ತೀನಿ. ಬಿಲ್ಡರ್ ಹೇಳವ್ನೆ.”

“ಮತ್ತೆ ಇನ್ನೊಂದ್ಯಾಕೆ ಕಟ್ತಾನೆ?”

“ಕಟ್ಟೋದು ನಿಲ್ಸಿದ್ರೆ ಮೊದಲ್ನೇದು ಖಾಲಿ ಅಂತ ಊರಿಗೆಲ್ಲ ಗೊತ್ತಾಗ್ತದೆ. ಬ್ಯಾಂಕ್ನೋರು ಅವನ್ನ ನಂಬಲ್ಲ, ನನ್ನ ಮಹಡಿಗೂ ಯಾರೂ ಬರಲ್ಲ.”

“ಅದಕ್ಕೆ ನನ್ನ ಕರ್ಕೊಂಡ್ ಬಂದ್ಯಾ?”

ಒಳಗಿಂದ ಸಹಿಗೆ “ಕರಿಬಸಮ್ಮ” ಎಂದು ತಂಗಿಯ ಹೆಸರು ಕೂಗಿದರು.

“ಸಂಜೆ ಆಗ್ತಾ ಬಂತು, ಹೋಗಿ ಲೈಟ್ ಹಾಕಣ್ಣ,” ಎಂದು ತಂಗಿ ಚೀಲ ಎತ್ತಿಕೊಂಡು ಹೊರಬಾಗಿಲಿಗೆ ನಡೆದಳು.